ಖುಷ್ಕಿ, ತರಿ, ಬಾಗಾಯ್ತು: ಪಾರಸಿಕರ ನೆಲವೂ ನಮ್ಮ ನೆಲವೂ

ನಮ್ಮ ಕಡೆಯ ಯಾವ ರೈತನ ಜಮೀನಿನ ದಾಖಲೆಯನ್ನು ತೆರೆದು ನೋಡಿದರೂ ಮೂರು ಪದಗಳು ಕಣ್ಣಿಗೆ ಬೀಳುತ್ತವೆ: ಖುಷ್ಕಿ, ತರಿ, ಬಾಗಾಯ್ತು. ಮಳೆಯನ್ನೇ ನಂಬಿದ ಬೆದ್ದಲು ಖುಷ್ಕಿ. ನೀರು ಹಾಯುವ ಗದ್ದೆ ತರಿ. ಅಡಿಕೆ, ತೆಂಗು, ಬಾಳೆಯ ತೋಟ ಬಾಗಾಯ್ತು. ನಮ್ಮ ಹಿರಿಯರು ಅಚ್ಚಗನ್ನಡವೆಂದೇ ತಿಳಿದು ಬಳಸಿದ ಈ ಪದಗಳು ಮೂಲದಲ್ಲಿ ಪಾರಸಿ ಭಾಷೆಯವು. ಆ ಭಾಷೆಯಲ್ಲಿ ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆಯಾದದ್ದು, ಬಾಗ್ ಎಂದರೆ ತೋಟ. ಜಮೀನು, ಸರಹದ್ದು, ದರಖಾಸ್ತು ಎಂಬ ಮಾತುಗಳೂ ಅಲ್ಲಿಂದಲೇ ಬಂದವು. ಬಹಮನಿ, ಬಿಜಾಪುರ, ಮೊಗಲರ ಆಡಳಿತ ಹಾಗೂ ಹೈದರ್ ಮತ್ತು ಟಿಪ್ಪುವಿನ ಕಾಲದ ಕಂದಾಯದ ಲೆಕ್ಕಪತ್ರಗಳ ದಾರಿ ಹಿಡಿದು ಅವು ನಮ್ಮ ಹಳ್ಳಿಗಳನ್ನು ತಲುಪಿದವು. ಅದಕ್ಕೂ ಬಹಳ ಮೊದಲೇ ನಮ್ಮ ಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟ ಎಂಬ ವಿಂಗಡಣೆ ಇತ್ತು. ಹೀಗಾಗಿ ಎರಡು ನಾಡುಗಳೂ ನೆಲದ ಬೆಲೆಯನ್ನು ನೀರಿನಿಂದಲೇ ಅಳೆದಿವೆ ಎನ್ನಬಹುದು.

ಈ ಮಾತನ್ನು ಇಂದು ಎತ್ತಿಕೊಳ್ಳಲು ಒಂದು ಕಾರಣವಿದೆ. ಪ್ರೌಢಶಾಲೆಯಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಕಲಿತವರಿಗೆ ನೆನಪಿರಬಹುದು. ಯಾವುದೇ ದೇಶದ ಪಾಠ ಬಂದರೂ ಕೊನೆಗೆ ‘ನೈಸರ್ಗಿಕ ಸಂಪನ್ಮೂಲಗಳು’ ಎಂಬ ಉಪಶೀರ್ಷಿಕೆಯೊಂದು ಇರುತ್ತಿತ್ತು. ಅದರ ಕೆಳಗೆ ಕಬ್ಬಿಣ, ತಾಮ್ರ, ಅರಣ್ಯ, ನದಿಗಳು ಎಂದು ಒಂದು ಪಟ್ಟಿ. ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆ. ಪರ್ಷಿಯದ ಪಾಠ ಮಾಡುತ್ತಿದ್ದಾಗ ಜಗಳೂರಿನ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮೂರಿಗಿಂತ ಕಡಿಮೆ ಮಳೆ ಬೀಳೋ ಕಡೆ ಅಷ್ಟು ದೊಡ್ಡ ಸಾಮ್ರಾಜ್ಯ ಹೆಂಗ್ ಕಟ್ಟಿದ್ರು?” ಎಂದು ಕೇಳಿದ್ದ. ಬರದ ಸೀಮೆಯ ಹುಡುಗನಿಗಲ್ಲದೆ ಬೇರೆ ಯಾರಿಗೆ ಆ ಪ್ರಶ್ನೆ ಹೊಳೆದೀತು! ತರಗತಿಯ ನಲವತ್ತು ನಿಮಿಷಗಳಲ್ಲಿ ಹೇಳಲಾಗದಷ್ಟು ದೊಡ್ಡದು ಅದರ ಉತ್ತರ. ನಿವೃತ್ತಿಯ ಬಿಡುವಿನಲ್ಲಿ ಅದನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ನೆಲವನ್ನು ನೋಡೋಣ. ಇಂದಿನ ಇರಾನಿನ ಬಹುಭಾಗ ಒಂದು ಎತ್ತರದ ಪ್ರಸ್ಥಭೂಮಿ. ಪಶ್ಚಿಮಕ್ಕೆ ಜಾಗ್ರೋಸ್ ಪರ್ವತಶ್ರೇಣಿ, ಉತ್ತರಕ್ಕೆ ಎಲ್ಬುರ್ಜ್ ಪರ್ವತಗಳು. ಇವೆರಡೂ ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ನಡುಭಾಗಕ್ಕೆ ಮಳೆಯಿಲ್ಲ. ದಶ್ತ್-ಎ-ಕವೀರ್ ಎಂಬ ಉಪ್ಪಿನ ಮರುಭೂಮಿಯೂ ದಶ್ತ್-ಎ-ಲೂತ್ ಎಂಬ ಬರಡು ಮರುಭೂಮಿಯೂ ಅಲ್ಲಿ ಹರಡಿಕೊಂಡಿವೆ. ದೇಶದ ವಾರ್ಷಿಕ ಸರಾಸರಿ ಮಳೆ 250 ಮಿಲಿಮೀಟರಿಗಿಂತ ಕಡಿಮೆ. ಪಾರಸಿಕರ ತವರಾದ ಪಾರ್ಸ, ಅಂದರೆ ಇಂದಿನ ಫಾರ್ಸ್ ಪ್ರಾಂತ, ಜಾಗ್ರೋಸ್ ಬೆಟ್ಟಗಳ ನಡುವಣ ಕಣಿವೆಗಳ ನಾಡು. ಬೆಟ್ಟದ ಮೇಲಿನ ಹಿಮ ಕರಗಿ ಬರುವ ನೀರೇ ಅಲ್ಲಿ ಬದುಕು.

ಪಟ್ಟಿ ಮಾಡುವುದಾದರೆ ಅವರಿಗೂ ಸಂಪನ್ಮೂಲಗಳಿದ್ದವು. ಕೆರ್ಮಾನ್ ಸೀಮೆಯಲ್ಲಿ ತಾಮ್ರ, ನಿಶಾಪುರದ ಬಳಿ ವೈಡೂರ್ಯದಂತೆ ಹೊಳೆಯುವ ನೀಲಿಹಸಿರು ಫಿರೋಜಾ ಕಲ್ಲು, ಮೀಡಿಯದ ಹುಲ್ಲುಗಾವಲುಗಳಲ್ಲಿ ಪ್ರಸಿದ್ಧವಾದ ನಿಸಾಯ ತಳಿಯ ಕುದುರೆಗಳು. ಆ ಕುದುರೆಗಳಿಗೆ ಹಾಕುತ್ತಿದ್ದ ಮೇವಿಗೆ ಅವರ ಭಾಷೆಯಲ್ಲಿ ‘ಕುದುರೆಯ ಮೇವು’ ಎಂಬರ್ಥದ ಹೆಸರೇ ಇತ್ತು. ನಮ್ಮ ಹೈನುಗಾರರು ಇಂದು ಅದೇ ಬೆಳೆಯನ್ನು ‘ಕುದುರೆ ಮಸಾಲೆ’ ಎನ್ನುತ್ತಾರೆ. ಸೂಸಾ ನಗರದ ಹತ್ತಿರದ ಒಂದು ಬಾವಿಯಿಂದ ಕಲ್ಲರಗು, ಉಪ್ಪು ಮತ್ತು ಎಣ್ಣೆಯನ್ನು ತೆಗೆಯುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. 1908ರಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ಖನಿಜ ತೈಲ ಚಿಮ್ಮಿದ್ದು ಅದೇ ಸೀಮೆಯಲ್ಲಿಯೇ.

ಆದರೆ ಅರಮನೆಗಳನ್ನು ಕಟ್ಟುವಷ್ಟು ಐಶ್ವರ್ಯ ಈ ನೆಲದಿಂದ ಮಾತ್ರ ಬರಲಿಲ್ಲ. ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಮೊದಲನೆಯ ದಾರಯವುಷ್ ಸೂಸಾದಲ್ಲಿ ಅರಮನೆ ಕಟ್ಟಿಸಿ ಒಂದು ಶಾಸನ ಬರೆಸಿದ. ಯಾವ ವಸ್ತು ಎಲ್ಲಿಂದ ಬಂತೆಂಬುದನ್ನು ಅದರಲ್ಲಿ ಒಂದೊಂದಾಗಿ ಹೇಳಲಾಗಿದೆ. ದೇವದಾರು ಲೆಬನಾನಿನಿಂದ, ಚಿನ್ನ ಸಾರ್ಡಿಸ್ ಮತ್ತು ಬಾಕ್ಟ್ರಿಯಗಳಿಂದ, ಬೆಳ್ಳಿ ಮತ್ತು ಕರಿಮರ ಈಜಿಪ್ಟಿನಿಂದ, ನೀಲಿಕಲ್ಲು ಸೊಗ್ದಿಯದಿಂದ, ದಂತವು ಇಥಿಯೋಪಿಯ, ಅರಕೋಸಿಯ ಮತ್ತು ನಮ್ಮ ಸಿಂಧೂ ಪ್ರದೇಶದಿಂದ. ಭೂಗೋಳದ ಮೇಷ್ಟರೊಬ್ಬರು ಬರೆದ ಪಟ್ಟಿಯಂತೆಯೇ ಇದೆ! ಆದರೆ ಇದು ತನ್ನ ಸಂಪತ್ತಿನ ಪಟ್ಟಿಯಲ್ಲ. ಗೆದ್ದ ನಾಡುಗಳಿಂದ ತರಿಸಿಕೊಂಡ ಸಂಪತ್ತಿನ ಪಟ್ಟಿ.

ಈ ಎರಡನೆಯ ಬಗೆಯ ಸಂಪತ್ತಿಗೆ ಏನಾಯಿತು? ಕ್ರಿ.ಪೂ. 518ರ ಸುಮಾರಿಗೆ ದಾರಯವುಷ್ ಆರಂಭಿಸಿದ ಪರ್ಸೆಪೊಲಿಸ್ ನಗರವು ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಸೇನೆಯ ವಶವಾಗಿ, ಅರಮನೆಗಳು ಬೆಂಕಿಗೆ ಆಹುತಿಯಾದವು. ಬೊಕ್ಕಸದ ಚಿನ್ನಬೆಳ್ಳಿಗಳು ಹೇಸರಗತ್ತೆ, ಒಂಟೆಗಳ ಮೇಲೆ ಹೊರಟುಹೋದವು. ತರಿಸಿಕೊಂಡದ್ದನ್ನು ಇನ್ನೊಬ್ಬ ತೆಗೆದುಕೊಂಡು ಹೋದ. ಆದರೆ ಆ ಅರಮನೆಯ ಶಾಸನದಲ್ಲಿ ಹೆಸರೇ ಇಲ್ಲದ ಒಂದು ಸಂಪತ್ತು ಮಾತ್ರ ಅಲೆಕ್ಸಾಂಡರನ ನಂತರವೂ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿಯಿತು. ಅದು ನೆಲದೊಳಗಿನ ನೀರಿನ ಸುರಂಗ, ಅಂದರೆ ಕನಾತ್.

ಕನಾತ್ ಎಂದರೇನೆಂಬುದನ್ನು ಸರಳವಾಗಿ ಹೇಳುತ್ತೇನೆ. ಬೆಟ್ಟದ ತಪ್ಪಲಿನಲ್ಲಿ ಅಂತರ್ಜಲ ಸಿಗುವವರೆಗೆ ಒಂದು ಆಳವಾದ ಬಾವಿಯನ್ನು ತೋಡುತ್ತಾರೆ. ಪಾರಸಿಯಲ್ಲಿ ಅದಕ್ಕೆ ‘ತಾಯಿಬಾವಿ’ ಎಂದೇ ಹೆಸರು. ಆ ನೀರನ್ನು ಮೇಲಕ್ಕೆತ್ತುವುದಿಲ್ಲ. ಕೆಳಗಿನ ಊರಿನಿಂದ ತಾಯಿಬಾವಿಯವರೆಗೆ ನೆಲದಡಿಯಲ್ಲೇ ಅತಿ ಸಣ್ಣ ಇಳಿಜಾರಿನ ಸುರಂಗವನ್ನು ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ಸುರಂಗ ಕೊರೆದುಹೋಗುತ್ತದೆ, ಕಡಿಮೆಯಾದರೆ ನೀರು ನಿಂತುಬಿಡುತ್ತದೆ. ಮಣ್ಣನ್ನು ಹೊರಹಾಕಲು, ಗಾಳಿಯಾಡಲು ಅಲ್ಲಲ್ಲಿ ನೇರವಾದ ಬಾವಿಗಳ ಸಾಲು. ನೀರು ತನ್ನ ಭಾರದಿಂದಲೇ ಹರಿದು, ಬಿಸಿಲಿಗೆ ಆವಿಯಾಗದೆ, ಊರಿನ ಮುಂದೆ ಹೊರಬರುತ್ತದೆ. ಎತ್ತು ಬೇಡ, ಏತ ಬೇಡ, ವಿದ್ಯುತ್ತಂತೂ ಇರಲೇ ಇಲ್ಲ. ಗೊನಾಬಾದ್ ಎಂಬಲ್ಲಿನ ಕನಾತ್ ಸುಮಾರು 33 ಕಿಲೋಮೀಟರ್ ಉದ್ದವಿದೆ. 2016ರಲ್ಲಿ ಯುನೆಸ್ಕೋ ಇಂತಹ 11 ಕನಾತುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇದರಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ತಾಯಿಬಾವಿಗೆ ಎಷ್ಟು ನೀರು ಇಂಗುತ್ತದೆಯೋ ಅಷ್ಟೇ ನೀರು ಕನಾತಿನಲ್ಲಿ ಹರಿಯುತ್ತದೆ. ಅದಕ್ಕಿಂತ ಹೆಚ್ಚು ಎಳೆಯಲು ಸಾಧ್ಯವೇ ಇಲ್ಲ. ಆಸೆಗೆ ಕಡಿವಾಣವನ್ನು ಆ ಕಟ್ಟಡದೊಳಗೇ ಇಟ್ಟಿದ್ದರು. ಸಿಕ್ಕ ನೀರನ್ನು ಹಂಚಲು ಊರಿಗೊಬ್ಬ ‘ಮೀರಾಬ್’ ಇರುತ್ತಿದ್ದ, ನಮ್ಮ ಕೆರೆಗಳ ನೀರುಗಂಟಿ ಇದ್ದಂತೆ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ಮುಳುಗುವ ಹೊತ್ತಿನ ಲೆಕ್ಕದಲ್ಲಿ ಸರದಿಯ ಪ್ರಕಾರ ನೀರು ಬಿಡುತ್ತಿದ್ದರು. ನಮ್ಮಲ್ಲಿ ಮುಹೂರ್ತ ನೋಡಲು ಬಳಸುತ್ತಿದ್ದ ಗಳಿಗೆ ಬಟ್ಟಲೂ ಇದೇ ಬಗೆಯದು.

ಇಂತಹ ಕೆಲಸಕ್ಕೆ ಜನ ಹೇಗೆ ಮುಂದೆ ಬಂದರು? ಕ್ರಿ.ಪೂ. ಎರಡನೆಯ ಶತಮಾನದ ಇತಿಹಾಸಕಾರ ಪಾಲಿಬಿಯಸ್ ಅದಕ್ಕೆ ಉತ್ತರ ಕೊಟ್ಟಿದ್ದಾನೆ. ಪಾರಸಿಕರು ಏಷ್ಯವನ್ನು ಆಳುತ್ತಿದ್ದ ಕಾಲದಲ್ಲಿ, ನೀರಿಲ್ಲದ ನೆಲಕ್ಕೆ ಹೊಸದಾಗಿ ನೀರು ತಂದವನಿಗೆ ಆ ಭೂಮಿಯನ್ನು ಐದು ತಲೆಮಾರು ಅನುಭವಿಸುವ ಹಕ್ಕನ್ನು ಕೊಡುತ್ತಿದ್ದರಂತೆ. ಮೊಮ್ಮಗನ ಕಾಲಕ್ಕೂ ಫಲ ಸಿಗುವ ಭರವಸೆಯಿದ್ದರೆ ಅಜ್ಜ ನೆಲದಡಿಯಲ್ಲಿ ಬೆವರು ಸುರಿಸುತ್ತಾನೆ. ಇದನ್ನು ಓದಿದಾಗ ನನಗೆ ನಮ್ಮ ಶಾಸನಗಳ ಬಿತ್ತುವಟ್ಟ, ಕಟ್ಟುಕೊಡಗೆಗಳು ನೆನಪಾದವು. ಕೆರೆಯನ್ನು ಕಟ್ಟಿಸಿದವನಿಗೆ, ಅದನ್ನು ಕಾಪಾಡಿಕೊಂಡು ಬಂದವನಿಗೆ ಕೆರೆಯ ಕೆಳಗೆ ಭೂಮಿ ಬಿಡುತ್ತಿದ್ದ ಪದ್ಧತಿಗಳಿವು. ಒಬ್ಬರಿಂದೊಬ್ಬರು ಕಲಿಯದೆಯೂ ಎರಡು ನಾಡುಗಳು ಒಂದೇ ವಿವೇಕಕ್ಕೆ ಬಂದು ಮುಟ್ಟಿದ್ದವು.

ಕಲಿತ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ಇರಾನಿನಿಂದ ಬಂದ ವಿದ್ವಾಂಸರು, ಕುಶಲಿಗಳು ಅಲ್ಲಿ ನೆಲೆಸಿದರು. ಬೀದರಿನ ಜಂಬಿಟ್ಟಿಗೆ ಕಲ್ಲಿನ ನೆಲದಡಿಯಲ್ಲಿ ಪಾರಸಿಕರ ಕನಾತಿನ ಮಾದರಿಯಲ್ಲೇ ಸುರಂಗಗಳನ್ನು ಕೊರೆಯಲಾಯಿತು. ಅಲ್ಲಿ ಅದನ್ನು ಕರೇಜ್ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಸುರಂಗ ಬಾವಿ. ನೌಬಾದಿನ ಕರೇಜನ್ನು ಕಳೆದ ದಶಕದಲ್ಲಿ ಹೂಳೆತ್ತಿ ಶುಚಿಗೊಳಿಸಿದಾಗ ಮತ್ತೆ ನೀರು ಕಾಣಿಸಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕನ್ನಡಿಗ ಕೃಷಿಕರೂ ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದು ಅಡಿಕೆ ತೋಟಗಳಿಗೆ ನೀರು ತಂದಿದ್ದಾರೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು ಬರಡು ಜಾಗವನ್ನು ತೋಟ ಮಾಡಿದರು; 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಿಮ್ಮ ಮಕ್ಕಳಿಗೆ ಸಂಪನ್ಮೂಲ ಎಂಬ ಪದದ ಅರ್ಥವನ್ನು ವಿವರಿಸಬೇಕಾದರೆ ಅವರ ಕಥೆಯನ್ನು ಹೇಳಿ.

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ದಾವಣಗೆರೆಯ ಸುತ್ತ ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಮಲೆನಾಡಿಗೆ ಹೋಲಿಸಿದರೆ ಅತ್ಯಲ್ಪ. ಪಾರಸಿಕರಿಗೆ ಹೋಲಿಸಿದರೆ ನಾವು ಶ್ರೀಮಂತರು. ಎರೆಭೂಮಿಯಿದೆ. ಅದರಲ್ಲಿ ಬೆಳೆದ ಹತ್ತಿಯಿಂದ ನಗರಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್ ಯಂತ್ರಗಳು ದೇಶದಾದ್ಯಂತ ಹೋದವು. ಆ ಹತ್ತಿ ಗಿರಣಿಗಳೂ ಇಲ್ಲ, ಆ ಕಾರ್ಖಾನೆಯೂ ಇಲ್ಲ. ಬಂಡವಾಳ ಬರುತ್ತದೆ, ಹೋಗುತ್ತದೆ. ಆದರೂ ಊರು ಉಳಿದಿದೆ. ಏಕೆಂದರೆ ನೀರು ಉಳಿದಿದೆ. ಪರ್ಸೆಪೊಲಿಸ್ ಮತ್ತು ಕನಾತಿನ ಕಥೆ ನಮ್ಮಲ್ಲೂ ಸಣ್ಣದಾಗಿ ನಡೆದಿದೆ ಎಂದರೆ ತಪ್ಪಾಗಲಾರದು.

ಆ ನೀರನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ ಎಂಬುದೇ ನನ್ನ ಚಿಂತೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು ನೀವೆಲ್ಲ ನೋಡಿದ್ದೀರಿ. ಎರಡು ಗುಡ್ಡಗಳ ನಡುವೆ ಒಂದು ಏರಿಯನ್ನು ಕಟ್ಟಿ, ಸುಮಾರು 6,500 ಎಕರೆಗಳಷ್ಟು ನೀರು ನಿಲ್ಲಿಸಿದ ಆ ಪೂರ್ವಿಕರು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದರು? ಕೆರೆಯಿಂದ ಹೊರಟ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗದ ಜನ ಕುಡಿಯುವ ನೀರಿಗೂ ಇದೇ ಕೆರೆಯನ್ನು ನಂಬಿದ್ದಾರೆ. ಹಾಗಿದ್ದರೂ ಒಡಲಿನಲ್ಲಿ ಹೂಳು ತುಂಬುತ್ತಿದೆ, ಅಂಚಿನಲ್ಲಿ ಒತ್ತುವರಿಯಾಗಿದೆ. ಗಡಿ ಗುರುತಿಸಿ ಕೆರೆಯನ್ನು ಉಳಿಸಿರೆಂಬ ಕೂಗು ಎಷ್ಟೋ ವರ್ಷಗಳಿಂದ ಕೇಳಿಬರುತ್ತಿದೆ.

ಇನ್ನು ಭದ್ರೆ. ಲಕ್ಕವಳ್ಳಿಯ ಜಲಾಶಯದ ಮಟ್ಟ 186 ಅಡಿ ಮುಟ್ಟಿತೇ ಎಂಬುದು ನಮ್ಮ ಜಿಲ್ಲೆಯಲ್ಲಿ ಪ್ರತಿ ಮಳೆಗಾಲದ ಮಾತು. ಅದರ ನಾಲೆಗಳು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕ ಅಚ್ಚುಕಟ್ಟಿಗೆ ನೀರುಣಿಸುತ್ತವೆ. ದಾವಣಗೆರೆ ನಗರದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳನ್ನು ತುಂಬಿಸುವುದೂ ಅದೇ ನೀರು. ಆದರೆ ನಾಲೆಯ ತಲೆಯಲ್ಲಿರುವವನಿಗೆ ಭತ್ತ, ಅಡಿಕೆ, ಕೊನೆಭಾಗದವನಿಗೆ ಕಾಯುವಿಕೆ. 2023ರ ಬರದಲ್ಲಿ ನಾಲೆಗೆ ನೀರು ಬಿಡುವ ಸರದಿಯ ವಿಷಯವಾಗಿ ನಮ್ಮ ರೈತರು ಬೀದಿಗಿಳಿದರು. 2025ರಲ್ಲಿ ಬೇರೆ ತಾಲ್ಲೂಕುಗಳ ಕುಡಿಯುವ ನೀರಿಗಾಗಿ ಬಲದಂಡೆ ನಾಲೆಯನ್ನು ಸೀಳುವ ಕಾಮಗಾರಿಯ ವಿರುದ್ಧ ಮತ್ತೆ ಹೋರಾಟ ನಡೆಯಿತು. ಎರಡು ಕಡೆಯವರ ಬಾಯಾರಿಕೆಯೂ ನಿಜ. ನಾನು ಯಾರ ಪಕ್ಷವನ್ನೂ ವಹಿಸುತ್ತಿಲ್ಲ. ಆದರೆ ಅಳತೆಯೂ ಸರದಿಯೂ ಮೊದಲೇ ಗೊತ್ತಿದ್ದು, ಎಲ್ಲರಿಗೂ ಕಾಣುವಂತಿದ್ದರೆ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತೂತಿನ ಬಟ್ಟಲು ಬಡವನ ಹೊಲಕ್ಕೊಂದು, ಬಲ್ಲಿದನ ಹೊಲಕ್ಕೊಂದು ವೇಗದಲ್ಲಿ ಮುಳುಗುವುದಿಲ್ಲವಷ್ಟೆ!

ಮೂರನೆಯದು ಹರಿಹರದ ಹೊಳೆ. ಪಾರಸಿಕರು ನದಿಯಲ್ಲಿ ಉಗುಳುತ್ತಿರಲಿಲ್ಲ, ಮೂತ್ರ ವಿಸರ್ಜಿಸುತ್ತಿರಲಿಲ್ಲ, ಕೈಯನ್ನೂ ತೊಳೆಯುತ್ತಿರಲಿಲ್ಲ, ಬೇರೆಯವರು ಮಾಡಿದರೂ ಸಹಿಸುತ್ತಿರಲಿಲ್ಲ ಎಂದು ಹೆರೊಡೋಟಸ್ ದಾಖಲಿಸಿದ್ದಾನೆ. ಅನಾಹಿತಾ ಎಂಬ ಜಲದೇವತೆಯನ್ನು ಪೂಜಿಸಿದ ಜನ ಅವರು. ನಮಗೂ ತುಂಗಭದ್ರೆ ತಾಯಿಯೇ. ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ್ದು ಈ ನದಿಯ ತೀರದಲ್ಲಿ. ಆದರೆ ಹರಿಹರದಿಂದ ಕೆಳಗಿನ ತುಂಗಭದ್ರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗುರುತಿಸಿದ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಸೇರಿದೆ. ನದಿಗೆ ಆರತಿ ಎತ್ತುವುದು ಒಳ್ಳೆಯ ಸಂಪ್ರದಾಯ. ಆರತಿ ಎತ್ತಿದ ಕೈಗಳೇ ಊರಿನ ಚರಂಡಿಯ ಬಾಯಿಯನ್ನು ನದಿಯಿಂದ ಬೇರೆಡೆಗೆ ತಿರುಗಿಸಿದರೆ ಅದು ನಿಜವಾದ ಪೂಜೆಯಾದೀತು. ಅದೇ ನದಿಗೆ ಹೊಸಪೇಟೆಯ ಬಳಿ ಕಟ್ಟಿದ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟಿನ ಸರಪಳಿ ತುಂಡಾಗಿ ತುಂಬಿದ ನೀರು ಹರಿದುಹೋದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡಿದ್ದೇವೆ. ಕಟ್ಟುವುದಕ್ಕೆ ತೋರುವ ಉತ್ಸಾಹ ಕಾಯುವುದಕ್ಕೂ ಬೇಕು.

ಇದನ್ನೆಲ್ಲ ಓದಿ ನಿಮ್ಮಲ್ಲಿ ಕೆಲವರು, ವಿಶೇಷವಾಗಿ ಎಂಜಿನಿಯರುಗಳಾದವರು, ಮೇಷ್ಟ್ರು ಹಳೆಯ ಕಾಲಕ್ಕೆ ಹಿಂದಿರುಗಿ ಎನ್ನುತ್ತಿದ್ದಾರೆ ಎಂದು ನಗಬಹುದು. ಹಾಗೆ ನಾನು ಹೇಳುತ್ತಿಲ್ಲ. ಇಂದಿನ ಜನಸಂಖ್ಯೆಗೆ ಅಣೆಕಟ್ಟೂ ಬೇಕು, ಪಂಪೂ ಬೇಕು. ಹರಿಹರ ತಾಲ್ಲೂಕಿನಿಂದ ತುಂಗಭದ್ರೆಯ ನೀರನ್ನೆತ್ತಿ ಜಗಳೂರು ಸೀಮೆಯ ಕೆರೆಗಳನ್ನು ತುಂಬಿಸುವ 57 ಕೆರೆಗಳ ಯೋಜನೆ ಯಂತ್ರವಿಲ್ಲದೆ ನಡೆಯುವುದೇ? ಕನಾತುಗಳ ಹಿಂದೆ ಸುರಂಗ ಕುಸಿದು ಪ್ರಾಣ ಬಿಟ್ಟ ಕೂಲಿಗಳ ಕಥೆಯೂ ಇದೆ. ಅದನ್ನು ಸ್ವರ್ಗವೆಂದು ಬಣ್ಣಿಸಲಾರೆ. ನನ್ನ ವಾದ ಇಷ್ಟೆ: ಹೊಸ ಯೋಜನೆಗೆ ಹಾಕುವ ದುಡ್ಡಿನ ಒಂದು ಪಾಲು, ಮನಸ್ಸಿನ ಇನ್ನೂ ದೊಡ್ಡ ಪಾಲು, ಇರುವುದರ ಜೋಪಾನಕ್ಕೆ ಸಲ್ಲಬೇಕು. ತುಂಬಿಸಿದ ಕೆರೆಯ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಆ ನೀರು ಎಷ್ಟು ದಿನ?

ಎಚ್ಚರಿಕೆಯ ಪಾಠವನ್ನೂ ಅದೇ ಇರಾನ್ ಕೊಟ್ಟಿದೆ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಗೆ ಆಳದ ಕೊಳವೆಬಾವಿಗಳು ಬಂದವು. ಪಂಪು ಹಾಕಿದವರು ತಾಯಿಬಾವಿಯ ಬುಡದಿಂದಲೇ ನೀರೆಳೆದರು. ಎಷ್ಟೋ ಕನಾತುಗಳು ಬತ್ತಿದವು. ಉತ್ತರದ ಉರ್ಮಿಯಾ ಸರೋವರದ ಬಹುಭಾಗ ಒಣಗಿ ಉಪ್ಪಿನ ಬಯಲಾಯಿತು. ಅಲೆಕ್ಸಾಂಡರನಿಂದ ಆಗದ ಹಾನಿಯನ್ನು ಮೊಮ್ಮಕ್ಕಳ ಅವಸರವು ಮಾಡಿತು. ನಮ್ಮ ಚನ್ನಗಿರಿ, ಜಗಳೂರುಗಳ ತೋಟಗಳಲ್ಲಿ ಬೋರ್‌ವೆಲ್ಲಿನ ಆಳವನ್ನು ಕೇಳಿದಾಗಲೆಲ್ಲ ನನಗೆ ಆ ಬತ್ತಿದ ಸುರಂಗಗಳ ನೆನಪಾಗುತ್ತದೆ.

ಆ ಜಗಳೂರಿನ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಈಗ ಇದು. ಪಾರಸಿಕರಿಗೆ ನಿಸರ್ಗ ಕೊಟ್ಟದ್ದು ಕಡಿಮೆ. ಕಡಿಮೆ ಇದೆಯೆಂಬುದನ್ನು ಅವರು ಮರೆಯಲಿಲ್ಲ. ಅಳೆದು, ಹಂಚಿ, ಕಾಯ್ದು, ಐದು ತಲೆಮಾರಿನ ಮುಂದಕ್ಕೆ ನೋಡಿದರು. ನೆಲದಲ್ಲಿ ಇರುವುದು ನಿಸರ್ಗ. ಜೋಪಾನ ಮಾಡುವವರು ಇದ್ದಾಗಲೇ ಅದು ಸಂಪನ್ಮೂಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ನೆಂಟರಿಷ್ಟರಲ್ಲಿ ಒಂದು ಕೋರಿಕೆ. ಬೆಂಗಳೂರಿನಲ್ಲಿರಿ, ಅಮೆರಿಕದಲ್ಲಿರಿ, ಊರಿಗೆ ಬಂದಾಗ ನಿಮ್ಮ ಊರಿನ ಕೆರೆಯ ಸರ್ವೆ ನಂಬರ್ ಯಾವುದು, ದಾಖಲೆಯಲ್ಲಿ ಅದರ ವಿಸ್ತೀರ್ಣ ಎಷ್ಟು, ನೆಲದ ಮೇಲೆ ಈಗ ಉಳಿದಿರುವುದೆಷ್ಟು, ತೂಬು ಎಲ್ಲಿದೆ, ಕೊನೆಯದಾಗಿ ನೀರುಗಂಟಿಯಾಗಿದ್ದವರು ಯಾರ ಮನೆಯವರು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಿ ಏರಿಯ ಮೇಲೆ ನಡೆಸಿ. ಉತ್ತರಗಳು ಸಿಕ್ಕರೆ ನನಗೂ ಬರೆದು ತಿಳಿಸಿ. ಒಂದೊಂದು ಊರಿನ ಕೆರೆಯ ವಿವರವನ್ನೂ ಇಲ್ಲಿ ದಾಖಲಿಸುವ ಆಸೆಯಿದೆ. ಈ ಸಲದ ಪ್ರಶ್ನೆಪತ್ರಿಕೆ ಇದೇ. ಅಂಕಗಳನ್ನು ಕೊಡುವವರು ಮಾತ್ರ ನಿಮ್ಮ ಮೊಮ್ಮಕ್ಕಳು.